ನರ ಅಲ್ಲ ಬೇ, ಹಗ್ಗ

2004ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಆಸ್ಟ್ರೇಲಿಯಾ ವಿರುದ್ಧ ಟೆಸ್ಟ್ ನಡೆದಾಗ ಸಚಿನ್ ತೆಂಡೂಲ್ಕರ್ ಆಡಲಿಲ್ಲ. ಕಾರಣ ಟೆನಿಸ್ ಎಲ್ಬೋ. ಪೋತ್ನಾಳದ ನಮ್ಮ ಹೈಸ್ಕೂಲ್ ಗ್ಯಾಂಗಿಗೆ ಇದೊಂದು ಒಗಟು. ಕ್ರಿಕೆಟ್ ಆಡೋ ಮನುಷ್ಯಾಗ ಟೆನಿಸ್ ರೋಗ ಹೆಂಗ ಬಂತು? ಕದ್ದು ಟೆನಿಸ್ ಆಡಿರಬೇಕು ಅಂದ ಒಬ್ಬ. ನಾವು ಆಡೋ ಟೆನಿಸ್ ಬಾಲಿನಿಂದಲೂ ಬರ್ತದ ಅಂತ ಇನ್ನೊಬ್ಬ ಹೆದರಿಸಿದ. ಸಚಿನ್ ಮೂರನೇ ಟೆಸ್ಟಿಗೆ ನಾಗಪುರದಲ್ಲಿ ವಾಪಸ್ ಬಂದ. ಆದರೆ ನೋವು ಬಿಡಲಿಲ್ಲ, 2005ರ ಮೇ ತಿಂಗಳಲ್ಲಿ ಲಂಡನ್ನಿಗೆ ಹೋಗಿ ಮೊಣಕೈ ಆಪರೇಷನ್ ಮಾಡಿಸಿಕೊಂಡ. ನಮ್ಮ ಒಗಟು ಮಾತ್ರ ಹಾಗೇ ಉಳಿಯಿತು.

ಉತ್ತರ ಸಿಕ್ಕಿದ್ದು ನನ್ನದೇ ಬಲಗೈ ಮೊಣಕೈಗೆ ಅದು ಬಂದ ಮೇಲೆ. ಈ ನೋವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಮೊದಲು ವರ್ಣಿಸಿದವನು ರುಂಗೆ ಅನ್ನೋ ಜರ್ಮನ್ ವೈದ್ಯ, 1873ರಲ್ಲಿ. ಅವನ ಲೇಖನದ ವಿಷಯ ಟೆನಿಸ್ ಅಲ್ಲ, ಬರೆಯುವವರ ಕೈಸೆಳೆತ. ಹತ್ತು ವರ್ಷ ಆದ ಮೇಲೆ ಇಂಗ್ಲೆಂಡಿನಲ್ಲಿ ಲಾನ್ ಟೆನಿಸ್ ಶೋಕಿ ಹೆಚ್ಚಾದಾಗ ಟೆನಿಸ್ ಹೆಸರು ಅಂಟಿಕೊಂಡಿತು. ಅಂದರೆ ಟೇಬಲ್ ಮುಂದೆ ಕೂತು ಕೈ ಸವೆಸುವ ನಾವು ಈ ರೋಗದ ಮೂಲ ವಾರಸುದಾರರು. ಆಟಗಾರರು ಆಮೇಲೆ ಬಂದು ಹೆಸರು ಹೊಡಕೊಂಡರು, ಅಷ್ಟೇ.

ನನ್ನ ಕಥೆಯಲ್ಲಿ ವಿಶೇಷ ಏನಿಲ್ಲ. ವಾರವೆಲ್ಲ ಮೌಸ್, ಶನಿವಾರ ಭಾನುವಾರ ಶಟಲ್, ಸಂಜೆ ಎರಡು ವರ್ಷದ ಮಗಳನ್ನು ಎತ್ತಿ ಓಡಾಡಿಸೋದು. ಒಂದು ದಿನ ಚಹಾದ ಲೋಟ ಎತ್ತಿದರೆ ಮೊಣಕೈ ಹೊರಗಡೆಯ ಎಲುಬಿನ ಮೇಲೆ ಯಾರೋ ಮೊಳೆ ಇಟ್ಟು ಹೊಡೆದ ಹಾಗಾಯಿತು. ಬಾಗಿಲ ಚಿಲಕ ತಿರುಗಿಸಿದರೆ ನೋವು, ಟವೆಲ್ ಹಿಂಡಿದರೆ ನೋವು. ತಮಾಷೆ ಅಂದರೆ ಲ್ಯಾಪ್‌ಟಾಪ್ ಕೀಲಿ ಒತ್ತಲು ಅಂಥಾ ತೊಂದರೆ ಇರಲಿಲ್ಲ. ಹಾಗಾಗಿ ಮ್ಯಾನೇಜರ್‌ಗೆ ಹೇಳಿದರೆ ನಂಬುವ ರೋಗವೂ ಅಲ್ಲ ಇದು.

ಊರಿಗೆ ಫೋನ್ ಮಾಡಿ ಹೇಳಿದರೆ ಅವ್ವ ನಕ್ಕಳು.

"ಇದೇನಪಾ, ನಂದೇ ಬ್ಯಾನಿ ನಿನಗ ಬಂದದ? ನರ ಜಗ್ಗ್ಯಾದ ತಗೋ. ಒಂದು ಸೂಜಿ ಮಾಡಿಸ್ಕೊ, ಹೋಗ್ತದ."

ಅವ್ವನ ಬಲಗೈಯಲ್ಲಿ ಅದೇ ಜಾಗದ ನೋವು ನಾಲ್ಕು ವರ್ಷದಿಂದ ಇತ್ತು. ಇಲ್ಲಿಂದ ಮುಂದೆ ಬರೆಯೋದು ಮುಖ್ಯವಾಗಿ ಆ ಕೈ ಬಗ್ಗೆ. ನನ್ನದು ಅದರ ಅಡಿಟಿಪ್ಪಣಿ.

ಮೊದಲು ಆ 'ನರ' ಅನ್ನೋ ಪದ. ನಮ್ಮ ಮಾನ್ವಿ, ಸಿಂಧನೂರು ಕಡೆ ಎಲುಬು ಅಲ್ಲದ್ದು, ರಕ್ತ ಅಲ್ಲದ್ದು ಏನಿದ್ದರೂ ನರ. ಕುತ್ತಿಗೆ ಹಿಡಿದರೆ ನರ, ಹಿಮ್ಮಡಿ ನೊಂದರೆ ನರ, ಮೊಣಕೈಗೂ ಅದೇ. ಶಾಲೆಯ ಪುಸ್ತಕದಲ್ಲಿ ಇದಕ್ಕೆ ಸ್ನಾಯುರಜ್ಜು ಅಂತ ಹೆಸರಿದೆ. ಅದನ್ನು ಪರೀಕ್ಷೆಯಲ್ಲಿ ಬರೆದದ್ದು ಬಿಟ್ಟರೆ ಬಾಯಲ್ಲಿ ಅಂದವರನ್ನು ನಾನು ಕಂಡಿಲ್ಲ. ಆದರೆ ಪದ ಚೆನ್ನಾಗಿದೆ. ರಜ್ಜು ಅಂದರೆ ಹಗ್ಗ. ನರ ಅಂದರೆ ಸುದ್ದಿ ಒಯ್ಯುವ ತಂತಿ, ಸ್ನಾಯುರಜ್ಜು ಅಂದರೆ ಸ್ನಾಯುವನ್ನು ಎಲುಬಿಗೆ ಕಟ್ಟುವ ಹಗ್ಗ. ಸ್ನಾಯು ಜಗ್ಗುತ್ತದೆ, ಆ ಜಗ್ಗನ್ನು ಹಗ್ಗ ಎಲುಬಿಗೆ ಮುಟ್ಟಿಸುತ್ತದೆ.

ನಮ್ಮಜ್ಜ ಪುಂಡಿನಾರಿನಿಂದ ಹಗ್ಗ ಹೊಸೆಯುತ್ತಿದ್ದ. ಸಣ್ಣ ಎಳೆ, ಎಳೆ ಸೇರಿ ಹುರಿ, ಹುರಿ ಸೇರಿ ಹಗ್ಗ. ದೇಹದ ಹಗ್ಗವೂ ಹೀಗೇ. ಕೊಲಾಜೆನ್ ಅನ್ನೋ ಪ್ರೋಟೀನಿನ ಎಳೆಗಳು ಒಂದೇ ದಿಕ್ಕಿನಲ್ಲಿ ಮಲಗಿ, ಕಟ್ಟು ಕಟ್ಟಾಗಿ ಸೇರಿ, ಕೊನೆಗೆ ಬಿಳೀ ಹೊಳೆಯುವ ಹಗ್ಗ. ಬಾವಿಯ ಹಗ್ಗ ನಡುವೆ ಹರಿಯೋದು ಕಡಿಮೆ, ಗಡಗಡಿ ಮೇಲೆ ತಿಕ್ಕುವ ಕಡೆ, ಕೊಡಕ್ಕೆ ಕಟ್ಟುವ ಗಂಟಿನ ಕಡೆ ಸವೆಯುತ್ತದೆ. ಕೈಯಲ್ಲೂ ಅಷ್ಟೇ. ಮಣಿಕಟ್ಟನ್ನು ಮೇಲಕ್ಕೆ ಎತ್ತುವ ಸ್ನಾಯುಗಳು ಮೊಣಕೈ ಹೊರಬದಿಯ ಸಣ್ಣ ಎಲುಬಿನ ಗುಬ್ಬಿಗೆ ಗಂಟು ಬಿದ್ದಿವೆ. ಮೌಸ್ ಹಿಡಿದಾಗ, ಬ್ಯಾಟ್ ಬಿಗಿಹಿಡಿದಾಗ, ಜೋಳದ ರೊಟ್ಟಿ ಬಡಿದಾಗ, ತೊಳೆದ ಸೀರೆ ಹಿಂಡಿದಾಗ, ಹತ್ತಿ ಕಾಯಿಂದ ಅರಳೆ ಕಿತ್ತಾಗ ಭಾರ ಬೀಳೋದು ಅದೇ ಗಂಟಿನ ಮೇಲೆ.

ಈ ಕೊನೆಯ ಮೂರೂ ಅವ್ವನ ದಿನಚರಿ. ಬೆಳಗಿನ ಐದಕ್ಕೆ ಎದ್ದು ರೊಟ್ಟಿ, ಆಮೇಲೆ ಹತ್ತಿ ಬಿಡಿಸೋಕೆ ಹೊಲ, ಸಂಜೆ ಬಟ್ಟೆ. ತುಂಗಭದ್ರಾ ಎಡದಂಡೆ ನಾಲೆಯ ನೀರು ಸರಿಯಾಗಿ ಬಂದ ವರ್ಷ ಊರ ತುಂಬ ನೆಲ್ಲು, ಅದಕ್ಕೆ ನಾಟಿ, ಕಳೆ. ಆ ಕೈಗೆ ಬಿಡುವು ಅನ್ನೋದು ಹಬ್ಬದ ದಿನವೂ ಇಲ್ಲ. ಹಬ್ಬಕ್ಕಂತೂ ಹೋಳಿಗೆ ಬೇರೆ.

ನಮ್ಮ ಕಡೆ ನೋವಿಗೆ ಎರಡು ಔಷಧ: ಸೂಜಿ, ಇನ್ನೊಂದು ಸೂಜಿ. ಹತ್ತಿರದ ಊರಿನ ಒಬ್ಬ ಡಾಕ್ಟರು ಅವ್ವನ ಮೊಣಕೈಗೇ ಸೂಜಿ ಚುಚ್ಚಿ ಕಳಿಸಿದ್ದರು. ಎರಡು ದಿನಕ್ಕೆ ನೋವು ಮಾಯ. ಆ ಸಲದ ಹತ್ತಿ ಪೂರ್ತಿ ಬಿಡಿಸಿದಳು. ನಾಲ್ಕು ತಿಂಗಳಿಗೆ ನೋವು ವಾಪಸ್, ಬರುವಾಗ ಬಡ್ಡಿ ಸಮೇತ. ಮತ್ತೊಂದು ಸೂಜಿ. ಮೂರನೆಯದು ಎರಡು ತಿಂಗಳೂ ತಡೆಯಲಿಲ್ಲ. ಆ ಔಷಧದ ಖಾಲಿ ಡಬ್ಬಿಯನ್ನು ಅವ್ವ ಗೂಡಿನಲ್ಲಿ ಜೋಪಾನವಾಗಿ ಇಟ್ಟಿದ್ದಳು. ದೀಪಾವಳಿಗೆ ಹೋದಾಗ ಓದಿದೆ: ಟ್ರಯಾಮ್ಸಿನೊಲೋನ್. ಸ್ಟೆರಾಯ್ಡ್.

ಸ್ಟೆರಾಯ್ಡ್ ಅಂದ ಕೂಡಲೇ ವಿಷ ಅಂತ ಕಿರುಚುವವರ ಗುಂಪಿನವನಲ್ಲ ನಾನು. ಎಷ್ಟೋ ರೋಗಕ್ಕೆ ಅದು ಜೀವ ಉಳಿಸುವ ಔಷಧ. ಇಲ್ಲಿ ತಕರಾರು ಬೇರೆ. ಸ್ಟೆರಾಯ್ಡ್ ಉರಿಯೂತವನ್ನು ತಗ್ಗಿಸುತ್ತದೆ. ಆದರೆ ತಿಂಗಳುಗಟ್ಟಲೆ ನೊಂದ ಹಗ್ಗದಲ್ಲಿ ಮುಖ್ಯ ತೊಂದರೆ ಉರಿಯೂತವಾ? 1979ರಲ್ಲಿ ಅಮೆರಿಕದ ನಿರ್ಷೆಲ್, ಪೆಟ್ರೋನ್ ಅನ್ನೋ ಇಬ್ಬರು ಶಸ್ತ್ರವೈದ್ಯರು ಟೆನಿಸ್ ಎಲ್ಬೋ ಆಪರೇಷನ್‌ಗಳಲ್ಲಿ ಕತ್ತರಿಸಿ ತೆಗೆದ ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದರು. ಹಳೇ ಪುಸ್ತಕ ಹೇಳುವಷ್ಟು ಉರಿಯೂತದ ಕಣಗಳು ಅಲ್ಲಿ ಇರಲಿಲ್ಲ. ಇದ್ದದ್ದು ದಿಕ್ಕು ತಪ್ಪಿ ಗೋಜಲಾದ ಎಳೆಗಳು, ಅವುಗಳ ನಡುವೆ ಅಡ್ಡಾದಿಡ್ಡಿ ಬೆಳೆದ ಹೊಸ ಸಣ್ಣ ರಕ್ತನಾಳಗಳು. ರಿಪೇರಿ ಶುರು ಮಾಡಿ ಅರ್ಧಕ್ಕೆ ಬಿಟ್ಟುಹೋದ ಹಗ್ಗ ಅದು. ಅದಕ್ಕೇ ಈಗ ಬಹಳ ಡಾಕ್ಟರು 'ಟೆಂಡಿನೈಟಿಸ್' ಬಿಟ್ಟು 'ಟೆಂಡಿನೋಪತಿ' ಅಂತ ಬರೆಯುತ್ತಾರೆ. ಚೀಟಿಯಲ್ಲಿ ಎರಡಕ್ಷರ ಬದಲಾದ ಹಾಗೆ ಕಾಣುತ್ತದೆ, ಚಿಕಿತ್ಸೆಯ ದಾರಿ ಪೂರ್ತಿ ಬದಲಾಗುತ್ತದೆ.

ಸೂಜಿಯ ಬಗ್ಗೆ ಅಂದಾಜಿನ ಮಾತು ಬೇಡ, ಲೆಕ್ಕವೇ ಇದೆ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಟೆನಿಸ್ ಎಲ್ಬೋ ಇದ್ದ 198 ಜನರನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಸ್ಟೆರಾಯ್ಡ್ ಸೂಜಿ, ಒಂದಕ್ಕೆ ಫಿಸಿಯೋಥೆರಪಿ, ಇನ್ನೊಂದಕ್ಕೆ ಸುಮ್ಮನೆ ಸಲಹೆ ಕೊಟ್ಟು ಕಾದು ನೋಡಿ ಅಂದರು. 2006ರಲ್ಲಿ ಫಲಿತಾಂಶ ಬಂತು. ಆರು ವಾರಕ್ಕೆ ಸೂಜಿಯವರೇ ಫಸ್ಟ್ ಕ್ಲಾಸ್. ಆದರೆ ಸೂಜಿಯಿಂದ ಗುಣವಾದವರಲ್ಲಿ ನೂರಕ್ಕೆ 72 ಮಂದಿಗೆ ನೋವು ಆಮೇಲೆ ತಿರುಗಿ ಬಂತು. ವರ್ಷ ಮುಗಿಯೋ ಹೊತ್ತಿಗೆ ಸೂಜಿ ಹಾಕಿಸಿಕೊಂಡವರಿಗಿಂತ ಏನೂ ಮಾಡದೆ ಕಾದವರೇ ಚೆನ್ನಾಗಿದ್ದರು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ, ಸರ್ವರ್ ಬಿಸಿಯಾಗಿ ಅಲರ್ಟ್ ಹೊಡಕೊಳ್ಳುತ್ತಿದೆ, ನಾವು ಅಲರ್ಟ್ ಮ್ಯೂಟ್ ಮಾಡಿ ಲೋಡ್ ಹಾಗೇ ಬಿಟ್ಟಿದ್ದೇವೆ. ಅವ್ವನ ಮೂರು ಸೂಜಿಯ ಚರಿತ್ರೆ ಆ ಅಧ್ಯಯನದ ಗ್ರಾಫಿನ ಹಾಗೇ ಇತ್ತು, ಬ್ರಿಸ್ಬೇನ್ ಎಲ್ಲಿದೆ ಅಂತ ಅವಳಿಗೆ ಗೊತ್ತಿರದಿದ್ದರೂ.

ಇಲ್ಲೊಂದು ಮಾತು ಸೇರಿಸಬೇಕು. ಸಿಪ್ರೊಫ್ಲಾಕ್ಸಸಿನ್, ಲೆವೊಫ್ಲಾಕ್ಸಸಿನ್ ಥರದ ಆ್ಯಂಟಿಬಯೋಟಿಕ್‌ಗಳು ಈ ಹಗ್ಗಗಳನ್ನು ದುರ್ಬಲ ಮಾಡಬಹುದು, ಹರಿಯಲೂಬಹುದು ಅಂತ ಅಮೆರಿಕದ ಔಷಧ ನಿಯಂತ್ರಕರು 2008ರಲ್ಲೇ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿದ್ದಾರೆ. ಅರವತ್ತು ದಾಟಿದವರಿಗೆ, ಜೊತೆಗೆ ಸ್ಟೆರಾಯ್ಡ್ ತಗೊಳ್ಳುವವರಿಗೆ ಅಪಾಯ ಹೆಚ್ಚು. ಜ್ವರ ಬಂದರೆ ಮೆಡಿಕಲ್ ಶಾಪಿನಲ್ಲಿ ಕೇಳಿ 'ಸಿಪ್ರೋ' ನುಂಗುವ ಅಭ್ಯಾಸ ನಿಮ್ಮ ಮನೆಯಲ್ಲೂ ಇದ್ದರೆ ಇದು ತಿಳಿದಿರಲಿ.

ಹಾಗಾದರೆ ಔಷಧ ಏನು? ಈ ಕಥೆ ನನಗೆ ಬಹಳ ಇಷ್ಟ. ಸ್ವೀಡನ್ನಿನ ಉಮಿಯೋ ಊರಿನಲ್ಲಿ ಹಾಕನ್ ಆಲ್ಫ್ರೆಡ್ಸನ್ ಅನ್ನೋ ಎಲುಬಿನ ಡಾಕ್ಟರಿಗೆ ಹಿಮ್ಮಡಿಯ ಹಗ್ಗದಲ್ಲಿ, ಅಂದರೆ ಅಕಿಲಿಸ್‌ನಲ್ಲಿ, ವಾಸಿಯಾಗದ ನೋವು. ಆಪರೇಷನ್ ಮಾಡಿ ಅಂತ ತನ್ನ ಬಾಸ್‌ಗೆ ಕೇಳಿದ. ಬಾಸ್ ಒಪ್ಪಲಿಲ್ಲ. ಸರಿ, ಹಗ್ಗ ಪೂರ್ತಿ ಹರಿದರೆ ಆಪರೇಷನ್ ಮಾಡಲೇಬೇಕಲ್ಲ ಅಂತ, ಭಾರ ಹೊತ್ತು ಹಿಮ್ಮಡಿಯನ್ನು ನೋವಿದ್ದರೂ ಇಳಿಸೋದು, ಇಳಿಸೋದು ಅಂತ ಹಟ ಹಿಡಿದ. ಹಗ್ಗ ಹರಿಯಲಿಲ್ಲ, ನೋವು ಹೋಯಿತು! ಅವನು ಅದನ್ನೇ ಕ್ರಮವಾಗಿ ಹದಿನೈದು ಮಂದಿ ಓಟಗಾರರ ಮೇಲೆ ಮಾಡಿ ನೋಡಿದ. ದಿನಕ್ಕೆರಡು ಸಲ, ಹನ್ನೆರಡು ವಾರ, ಭಾರ ಏರಿಸುತ್ತಾ. ಎಲ್ಲರೂ ಓಟಕ್ಕೆ ಮರಳಿದರು. 1998ರಲ್ಲಿ ಅದು ಪ್ರಕಟವಾಯಿತು. ಮ್ಯಾನೇಜರ್ ರಜೆ ಕೊಡದೆ ಇದ್ದದ್ದರಿಂದ ಮನುಕುಲಕ್ಕೆ ಉಪಕಾರವಾದ ಉದಾಹರಣೆ ನನಗೆ ಗೊತ್ತಿರೋದು ಇದೊಂದೇ.

ಅದರ ಹಿಂದಿನ ಲೆಕ್ಕ ಇದು. ಹಗ್ಗದೊಳಗಿನ ಕಣಗಳು ಜಗ್ಗನ್ನು ಗುರುತಿಸುತ್ತವೆ. ನಿಧಾನವಾಗಿ, ಸಾಕಷ್ಟು ಭಾರದಿಂದ, ಅಳತೆ ಮೀರದೆ ಜಗ್ಗಿದರೆ ಹೊಸ ಎಳೆ ಆ ದಿಕ್ಕಿಗೇ ಹಾಸುತ್ತವೆ. ಪೂರ್ತಿ ವಿಶ್ರಾಂತಿ ಕೊಟ್ಟರೆ ನೋವು ಇಳಿಯುತ್ತದೆ, ಹಗ್ಗದ ತಾಕತ್ತೂ ಇಳಿಯುತ್ತದೆ. ಮತ್ತೆ ಕೆಲಸಕ್ಕೆ ಹೋದ ದಿನ ಮೊದಲಿನದೇ ಭಾರ, ಆದರೆ ಹಗ್ಗ ಸಣ್ಣ. ಸ್ನಾಯುವಿಗೆ ಹೋಲಿಸಿದರೆ ಇದಕ್ಕೆ ರಕ್ತ ಸಂಚಾರ ಬಹಳ ಕಡಿಮೆ. ಹಾಗಾಗಿ ವಾರದ ಲೆಕ್ಕ ಇಲ್ಲ, ತಿಂಗಳ ಲೆಕ್ಕ.

ನನ್ನ ಫಿಸಿಯೋ, ದಾವಣಗೆರೆ ಕಡೆಯ ಹುಡುಗಿ, ಕೊಟ್ಟ ಸೂತ್ರ ಸರಳ. ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಕೆಳಗೆ ಮಾಡಿ, ಮಣಿಕಟ್ಟು ಅಂಚಿನಿಂದ ಹೊರಗೆ ಬರಬೇಕು. ಮೊದಲ ಎರಡು ವಾರ ಒಂದು ಲೀಟರ್ ನೀರಿನ ಬಾಟಲ್ ಹಿಡಿದು ಅಲ್ಲಾಡದೆ 45 ಸೆಕೆಂಡ್, ಐದು ಸಲ. ಆಮೇಲೆ ಮೂರು ಎಣಿಸುತ್ತಾ ಮೇಲೆ, ನಾಲ್ಕು ಎಣಿಸುತ್ತಾ ಕೆಳಗೆ. ನೋವು ಹತ್ತಕ್ಕೆ ಮೂರು ನಾಲ್ಕರ ತನಕ ಬಂದರೆ ಪರವಾಗಿಲ್ಲ. ಅಸಲಿ ಪರೀಕ್ಷೆ ಮರುದಿನ ಬೆಳಿಗ್ಗೆ: ನೋವು ನಿನ್ನೆಗಿಂತ ಹೆಚ್ಚಿದ್ದರೆ ಭಾರ ಇಳಿಸು, ಇಲ್ಲದಿದ್ದರೆ ಏರಿಸು. ಮಗಳನ್ನು, ಬ್ಯಾಗನ್ನು ಎತ್ತುವಾಗ ಅಂಗೈ ಮೇಲಕ್ಕಿರಲಿ ಅಂದಳು. ನಾಲ್ಕನೇ ತಿಂಗಳಿಗೆ ಚಹಾದ ಲೋಟ ಬರೀ ಚಹಾದ ಲೋಟವಾಯಿತು. (ಬೆರಳು ಜೋಮು ಹಿಡಿದರೆ, ಏನೋ ಪಟ್ ಅಂದು ಕೈ ಶಕ್ತಿ ಹೋದರೆ, ಜ್ವರ, ಊತ ಇದ್ದರೆ ಈ ಬಾಟಲ್ ಕಸರತ್ತು ಬಿಟ್ಟು ನೇರ ಡಾಕ್ಟರ ಹತ್ತಿರ ಹೋಗಬೇಕು, ಅದು ಬೇರೆ ಮಾತು.)

ಈ ಹೊತ್ತಿಗೆ ನಾನು ಸಿಕ್ಕಿದ್ದೆಲ್ಲ ಓದುವ ಚಟಕ್ಕೆ ಬಿದ್ದಿದ್ದೆ. ಒಂದು ವಿಷಯ ಓದಿದ ರಾತ್ರಿ ನಿದ್ದೆ ಬರಲಿಲ್ಲ. 1955ರಿಂದ 63ರ ತನಕ ಅಮೆರಿಕ, ರಷ್ಯಾದವರು ಬಯಲಲ್ಲಿ ಅಣುಬಾಂಬ್ ಸಿಡಿಸಿದರಲ್ಲ, ಆಗ ಗಾಳಿಯಲ್ಲಿ ಕಾರ್ಬನ್-14 ವಿಪರೀತ ಹೆಚ್ಚಾಯಿತು. ಆಮೇಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಬಂತು. ಆ ಕಾರ್ಬನ್ ಬೆಳೆಗೆ, ಬೆಳೆಯಿಂದ ಊಟಕ್ಕೆ, ಊಟದಿಂದ ಮೈಗೆ. ದೇಹದ ಯಾವ ಭಾಗ ಯಾವ ವರ್ಷ ಕಟ್ಟಿದ್ದು ಅಂತ ಇದರಿಂದ ಕಂಡುಹಿಡಿಯಬಹುದು. ಡೆನ್ಮಾರ್ಕಿನ ವಿಜ್ಞಾನಿಗಳು ಸತ್ತವರ ಅಕಿಲಿಸ್ ಹಗ್ಗಗಳನ್ನು ಹೀಗೆ ಅಳೆದು 2013ರಲ್ಲಿ ಪ್ರಕಟಿಸಿದರು: ಹಗ್ಗದ ನಡುತಿರುಳು ಹದಿನೇಳು ವರ್ಷದೊಳಗೆ ಕಟ್ಟಿ ಮುಗಿದಿರುತ್ತದೆ, ಆಮೇಲೆ ಅದು ಹೆಚ್ಚುಕಡಿಮೆ ಬದಲಾಗೋದೇ ಇಲ್ಲ. ಚರ್ಮ ಬದಲಾಗುತ್ತದೆ, ರಕ್ತ ಬದಲಾಗುತ್ತದೆ, ಇದು ಅದೇ.

ಅವರು ಅಳೆದದ್ದು ಹಿಮ್ಮಡಿ. ಮೊಣಕೈಯೂ ಹಾಗೇ ಅಂತ ನಾನು ಹೇಳಲಾರೆ. ಆದರೆ ನನ್ನ ಹಿಮ್ಮಡಿಯ ತಿರುಳು ಪೋತ್ನಾಳದ್ದು ಅನ್ನೋದಂತೂ ಖರೆ. ಹದಿನೇಳಕ್ಕೆ ನಾನು ಪಿಯುಸಿ ಮುಗಿಸಿ ಊರು ಬಿಟ್ಟವನು, ಕಲಬುರಗಿಯಲ್ಲಿ ಬಿಇ, ಆಮೇಲೆ ಬೆಂಗಳೂರು. ಅದಕ್ಕಿಂತ ಮೊದಲು ನನ್ನ ಕಾಲು ಮಾಡಿದ ದೊಡ್ಡ ಕೆಲಸ ಹತ್ತಿ ತುಳಿಯೋದು. ಅಂಡಿಗಿಯನ್ನು ಗೂಟಕ್ಕೆ ಕಟ್ಟಿ, ಹುಡುಗರನ್ನು ಒಳಗೆ ಇಳಿಸಿ ಮೇಲಿನಿಂದ ಹತ್ತಿ ಸುರಿಯುತ್ತಿದ್ದರು. ನಾವು ಜಿಗಿಜಿಗಿದು ತುಳಿಯುತ್ತಾ ಹತ್ತಿಯ ಜೊತೆ ಮೇಲಕ್ಕೆ ಏರುತ್ತಿದ್ದೆವು. ತಲೆ ಹೊರಗೆ ಕಂಡಾಗ ಅಂಡಿಗಿ ತುಂಬಿತು ಅಂತ ಅರ್ಥ. ಮೂಗಿನ ತುಂಬ ನಾರು, ಮೈಯೆಲ್ಲ ಕಡಿತ. ಬೆಂಗಳೂರಿನಲ್ಲಿ ತಿಂಗಳಿಗೆ ಸಾವಿರಾರು ರೂಪಾಯಿ ಕೊಟ್ಟು ಜಿಗಿಯೋ ಕ್ಲಾಸಿಗೆ ಹೋಗುವ ಗೆಳೆಯರಿಗೆ ಹೇಳಿದರೆ ನಂಬೋದಿಲ್ಲ. ಇವತ್ತು ಓಡಿದರೆ ಮೈ ಹೊರುವ ಹಗ್ಗ ಆ ಅಂಡಿಗಿಯೊಳಗೆ ಹೊಸೆದದ್ದು.

ಆಮೇಲೆ ಅವ್ವನ ನೆನಪಾಯಿತು. ಅವಳು ಹತ್ತನೇ ವರ್ಷಕ್ಕೆ ಹತ್ತಿ ಬಿಡಿಸೋಕೆ ಹೋದವಳು. ಹದಿನೇಳಕ್ಕೆ ಅವಳ ಕಂಕುಳಲ್ಲಿ ನಮ್ಮಕ್ಕ ಇದ್ದಳು. ಈಗ ಅವಳಿಗೆ 58.

ಸಂಕ್ರಾಂತಿಗೆ ಹೋದಾಗ ಅವಳನ್ನು ರಾಯಚೂರಿಗೆ ಕರಕೊಂಡು ಹೋಗಿ ಎಲುಬಿನ ಡಾಕ್ಟರಿಗೆ ತೋರಿಸಿದೆ. ಅವರು ಸೂಜಿ ಇನ್ನು ಸಾಕು ಅಂದರು. ಜೊತೆಗೆ ರಕ್ತ ಪರೀಕ್ಷೆ ಮಾಡಿಸಿದರು. ಸಕ್ಕರೆ ಇತ್ತು, ಇಷ್ಟು ದಿನ ಯಾರಿಗೂ ಗೊತ್ತಿಲ್ಲ. ಸಕ್ಕರೆ ಕಾಯಿಲೆ ಇದ್ದವರ ಹಗ್ಗ ಬಿರುಸಾಗುತ್ತದೆ, ನಿಧಾನಕ್ಕೆ ವಾಸಿಯಾಗುತ್ತದೆ. ಸ್ಟೆರಾಯ್ಡ್ ಸೂಜಿ ಸಕ್ಕರೆಯನ್ನು ಇನ್ನೂ ಏರಿಸುತ್ತದೆ. ಮೊಣಕೈ ನೋವಿನ ದೆಸೆಯಿಂದ ಸಕ್ಕರೆಗೆ ಮಾತ್ರೆ ಶುರುವಾಯಿತು.

ಹೊರಗೆ ಬಂದು ಅವ್ವ ಕೇಳಿದಳು, "ಸೂಜಿ ಇಲ್ಲಂದ್ರ ನರ ಹೆಂಗ ಸುದ್ದ ಆಗ್ತದ?"

"ನರ ಅಲ್ಲ ಬೇ, ಹಗ್ಗ. ಹಗ್ಗಕ್ಕ ಸೂಜಿ ಯಾಕ? ಹೊಸೀಬೇಕು."

ಫಿಸಿಯೋ ಜೊತೆ ವಿಡಿಯೋ ಕಾಲ್ ಮಾಡಿಸಿದೆ. ಅವಳು ನನಗೆ ಹೇಳಿದ್ದನ್ನೇ ಸಮಾಧಾನವಾಗಿ ಹೇಳಿದಳು: ಕೈಗೆ ಒಮ್ಮೆಲೇ ಭಾರ ಬೇಡ, ದಿನಾ ಎಷ್ಟು ಕೆಲಸ ಅಂತ ಅಳತೆ ಇರಲಿ, ನಡುನಡುವೆ ಬಿಡುವು. ಅವ್ವ ಎಲ್ಲ ಕೇಳಿ, "ಆಯ್ತವ್ವ. ಹತ್ತಿ ಕಿಲೋ ಲೆಕ್ಕಕ್ಕ ಬಿಡಸ್ತೀವಿ. ನಾ ಬಿಡುವು ತಗೊಂಡ್ರ ಬಾಜೂ ಸಾಲಿನಾಕಿ ನನ್ನ ಕಿಲೋ ತಗೊಂಡು ಹೋಗ್ತಾಳ" ಅಂದಳು. ಆ ಕಡೆ ಫಿಸಿಯೋ ಸ್ವಲ್ಪ ಹೊತ್ತು ಸುಮ್ಮನಾದಳು.

ಹೊಲಕ್ಕೆ ಹೋಗಬೇಡ, ನಾನು ದುಡ್ಡು ಕಳಿಸ್ತೀನಿ ಅನ್ನೋದು ನನಗೆ ಸುಲಭ. ಕಳಿಸ್ತಾನೂ ಇದ್ದೇನೆ. ಅವಳಿಗೆ ಹೊಲ ಅಂದರೆ ಬರೀ ಕೂಲಿ ಅಲ್ಲ. ಊರ ಸುದ್ದಿ, ಗೆಳತಿಯರು, ತನ್ನ ಕೈಯಿಂದ ಬಂದ, ಯಾರಿಗೂ ಲೆಕ್ಕ ಕೊಡಬೇಕಿಲ್ಲದ ನೂರಿನ್ನೂರು ರೂಪಾಯಿ. ಅದನ್ನು ಬಿಡು ಅನ್ನೋದು ನನ್ನ ಬಾಯಲ್ಲಿ ಬರಲಿಲ್ಲ. 'ಕಾದು ನೋಡಿ' ಗುಂಪಿಗೆ ವರ್ಷ ಕಾಯೋ ಅನುಕೂಲ ಇತ್ತು. ಹತ್ತಿ ಕಾಯೋದಿಲ್ಲ, ಒಡೆದರೆ ಬಿಡಿಸಲೇಬೇಕು, ಮಳೆ ಬಿದ್ದರೆ ಕಪ್ಪಾಗುತ್ತದೆ.

ಹಾಗಾಗಿ ಮೂವರೂ ಕೂತು ಚೌಕಾಸಿ ಮಾಡಿದೆವು. ಜಾತ್ರೆಯಲ್ಲಿ ಬಳೆ ಕೊಳ್ಳುವ ಹಾಗೆ. ರೊಟ್ಟಿ ದಿನಕ್ಕೆ ಮೂವತ್ತು ಬಡಿಯೋದು ಹನ್ನೆರಡಕ್ಕೆ ಇಳಿಯಿತು, ಉಳಿದದ್ದು ಕೊಂಡು ತರೋದು. ನಮ್ಮ ಕಡೆ ಈಗ ಕಟಕ್ ರೊಟ್ಟಿ ಅಂಗಡಿಯಲ್ಲೇ ಸಿಗುತ್ತದೆ, ಅಪ್ಪ ಎರಡು ದಿನ ಮುಖ ಗಂಟಿಕ್ಕಿ ಆಮೇಲೆ ತಿಂದ. ಬಟ್ಟೆ ಹಿಂಡೋದು ಬೇಡ, ನೀರು ಸೋರುವ ಹಾಗೇ ಹಗ್ಗಕ್ಕೆ ಹಾಕೋದು. ಹತ್ತಿಗೆ ದಿನಾ ಅಲ್ಲ, ದಿನ ಬಿಟ್ಟು ದಿನ, ಎಡಗೈಗೂ ಅರ್ಧ ಕೆಲಸ. ಕೊಡ, ಬುಟ್ಟಿ ಎತ್ತುವಾಗ ಅಂಗೈ ಮೇಲೆ. "ಹೆಣ್ಣುಮಕ್ಕಳಿಗಿ ಅಂಗೈ ಮ್ಯಾಲ ಮಾಡು ಅಂದವ್ರು ನೀವ ಮೊದ್ಲು" ಅಂತ ಅವ್ವ ನಕ್ಕಳು. ಅದರಲ್ಲಿ ಚುಚ್ಚು ಇತ್ತಾ, ಬರೀ ನಗೆಯಾ, ನನಗೆ ಗೊತ್ತಾಗಲಿಲ್ಲ.

ಬಾಟಲ್ ಹಿಡಿಯೋದು ಅವಳಿಗೆ ಸರಿ ಬರಲಿಲ್ಲ, ಜಾರುತ್ತದೆ ಅಂದಳು. ಅದಕ್ಕೆ ಬಟ್ಟೆಯ ಕೈಚೀಲದಲ್ಲಿ ಉಸುಕು. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಅರ್ಧ ಕಿಲೋ ಉಸುಕು ತೂಗಿಸಿದಾಗ ಅಂಗಡಿಯವ ಉಸುಕಿನ ರೇಟ್ ಎಷ್ಟು ಹಾಕಲಿ ಅಂದ. ಮನೆಯ ಕಟ್ಟೆ ಮೇಲೆ ಮುಂಗೈ ಇಟ್ಟು, ಚೀಲದ ಹಿಡಿಕೆ ಹಿಡಿದು, ಮೂರಕ್ಕೆ ಮೇಲೆ, ನಾಲ್ಕಕ್ಕೆ ಕೆಳಗೆ. ಎಣಿಕೆ ಅವ್ವ ತನ್ನದೇ ಮಾಡಿಕೊಂಡಳು, ಲಾಭ, ಎರಡು, ಮೂರು ಅಂತ ಕಾಳು ಅಳೆಯುವ ಹಾಗೆ. ಎರಡು ವಾರಕ್ಕೊಮ್ಮೆ ಒಂದು ಹಿಡಿ ಉಸುಕು ಹೆಚ್ಚು. ಮೊದಲ ತಿಂಗಳು ದಿನಾ ಬೈದಳು. ನೋವಿನ ಕೈಗೆ ಭಾರ ಕಟ್ಟಿದ ಮಗ ಅಂತ ಓಣಿಯಲ್ಲಿ ನನ್ನ ಹೆಸರು ಹಾಳಾಯಿತು. ಎರಡನೇ ತಿಂಗಳು ಬೈಗುಳ ಕಡಿಮೆ. ಮೂರನೇ ತಿಂಗಳು ಫೋನಿನಲ್ಲಿ ಕೈ ಹೆಂಗಿದೆ ಅಂದರೆ, "ಯಾವ ಕೈ?" ಅಂದಳು. ಆಮೇಲೆ ತಾನೇ ತಿದ್ದಿ, ಹಿಂಡುವಾಗ ಇನ್ನೂ ಚುಳುಕ್ ಅನ್ನುತ್ತದೆ, ರಾತ್ರಿ ಮಾತ್ರ ನಿದ್ದೆ ಹತ್ತುತ್ತದೆ ಅಂದಳು.

ಅದಾಗಿ ಎಂಟು ತಿಂಗಳು. ಈ ಸಲ ಹತ್ತಿ ಶುರುವಾಗಿದೆ, ಸೂಜಿ ಇಲ್ಲದೆ ಮೊದಲ ಬಿಡಿಸುವಿಕೆ. ವಾರಕ್ಕೆ ಮೂರು ದಿನ ಹೋಗುತ್ತಾಳೆ ಅಂತ ಒಪ್ಪಂದ, ನಾಲ್ಕು ದಿನ ಹೋಗುತ್ತಾಳೆ ಅಂತ ಅಕ್ಕನ ಗುಪ್ತಚರ ವರದಿ. ಮೊನ್ನೆ ರಾತ್ರಿ ಅವ್ವನ ಫೋನ್ ಬಂತು.

"ಚೀಲ ಹರಿಲಾಕ ಬಂದದಪಾ, ಉಸುಕು ಎರಡು ಕಿಲೋ ಆಗ್ಯಾದ. ನಿಮ್ಮ ಕಂಪನ್ಯಾಗ ಕೊಡ್ತಾರಲ್ಲ, ಗಟ್ಟಿ ಚೀಲ, ಅದು ತಗೊಂಡು ಬಾ. ಮೂರು ತಾ. ಮುಂದಿನ ಮನಿ ಅಕ್ಕಗ ಒಂದು, ಅಕಿ ಸೊಸಿಗ ಒಂದು."